ಪಕ್ಷಮಾಸದಲ್ಲಿ ಹಾಕದ ಸಹಿ

ಜಾನಕಿಗೆ ಸಿಟ್ಟು ಹುಟ್ಟಿನಿಂದಲೇ ಬಂದದ್ದು ಎಂದು ಅವಳ ಗಂಡ ಅಶ್ವತ್ಥ ಕಂಡಕಂಡವರ ಮುಂದೆ ಹೇಳುತ್ತಿದ್ದ. ಅದು ಸುಳ್ಳು. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯ ಮಗಳಿಗೆ ಹುಟ್ಟಿನಿಂದ ಬಂದದ್ದು ಬಟ್ಟೆಯ ಹುಚ್ಚು. ಸಿಟ್ಟು ಕೊಟ್ಟದ್ದು ಜಾರ್ಜ್‌ಟೌನ್.

1967ರಲ್ಲಿ ಬೆಥೆಸ್ಡಾದ ಪ್ರಯೋಗಾಲಯವೊಂದರಲ್ಲಿ ಅಶ್ವತ್ಥನಿಗೆ ಕೆಲಸ ಸಿಕ್ಕಿ ಇಬ್ಬರೂ ಪಕ್ಕದ ವಾಷಿಂಗ್ಟನ್ನಿಗೆ ಬಂದರು. ಮೂರು ಚಳಿಗಾಲ ಅಪಾರ್ಟ್‌ಮೆಂಟಿನ ಗೋಡೆ ನೋಡಿಕೊಂಡು ಕೂತು ಸಾಕಾಗಿ, ಜಾನಕಿ ಅಲ್ಲಿಯ ಜಾರ್ಜ್‌ಟೌನ್ ಬಡಾವಣೆಯ ವಿಸ್ಕಾನ್ಸಿನ್ ಅವೆನ್ಯೂನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಅಪ್ಪನಿಂದ ಹತ್ತಿ ಬಟ್ಟೆಯ ಥಾನುಗಳನ್ನು ಹಡಗಿನಲ್ಲಿ ತರಿಸಿ ಮಾರಲು ಶುರು ಮಾಡಿದಳು. ಆಗ ಆ ಬೀದಿಯಲ್ಲಿ ಒಂದು ಅಂಗಡಿಯ ಹಾಗೆ ಇನ್ನೊಂದಿರಲಿಲ್ಲ. ಎಡಗಡೆ ಮೇಣದ ಬತ್ತಿ ಮಾಡುವ ಗಡ್ಡದವನು, ಬಲಗಡೆ ಹಳೇ ಪುಸ್ತಕದ ಮುದುಕಿ, ಎದುರಿಗೆ ಚಪ್ಪಲಿ ಹೊಲಿಯುವ ಗ್ರೀಕ್ ದಂಪತಿ. ಶನಿವಾರ ಬಂತೆಂದರೆ ಉದ್ದ ಕೂದಲಿನ ಹುಡುಗ ಹುಡುಗಿಯರಿಂದ ಕಾಲಿಡಲು ಜಾಗವಿರುತ್ತಿರಲಿಲ್ಲ.

ಜಾನಕಿಯ ವ್ಯಾಪಾರದ ರೀತಿಯೇ ಬೇರೆ. ಗಜ ಅಳೆದ ಮೇಲೆ ನಾಲ್ಕು ಬೆರಳು ಕೊಸರು ಬಿಟ್ಟೇ ಕತ್ತರಿ ಹಾಕುವಳು. ಗಿರಾಕಿ ಆಸೆಪಟ್ಟು ಹಿಡಿದ ಬಟ್ಟೆಯನ್ನೇ ಕೈಯಿಂದ ಕಿತ್ತು, “ಇದು ನಿನಗೆ ಬಾಳಿಕೆ ಬರಲ್ಲ, ಅದನ್ನ ತಗೋ” ಎಂದು ಗದರುವಳು. ಕ್ಯಾರಲ್ ಎಂಬ ಕಾಲೇಜು ಹುಡುಗಿ ಹೀಗೇ ಗದರಿಸಿಕೊಂಡು ಕೆಂಪು ಬಟ್ಟೆ ಕೊಂಡವಳು. ಅದರಲ್ಲಿ ಉಡುಪು ಹೊಲಿಯಲು, ಅಂಚು ಮಡಿಸಲು ಜಾನಕಿಯೇ ಕೂರಿಸಿಕೊಂಡು ಕಲಿಸಿದಳು.

ಆಮೇಲೆ ಬಂದವು ಸರಪಳಿ ಅಂಗಡಿಗಳು. ಮೊದಲು ಮೂಲೆಯಲ್ಲಿ ಒಂದು ಜೀನ್ಸ್ ಅಂಗಡಿ. ಅಂಥದ್ದೇ ಒಂದು ಅಟ್ಲಾಂಟಾದಲ್ಲಿ, ಇನ್ನೊಂದು ಷಾರ್ಲೆಟ್‌ನಲ್ಲಿ ಇದೆಯಂತೆ. ಬಾಗಿಲ ಹಿಡಿಕೆ ಸಹ ಒಂದೇ ಥರ, ಒಳಗಿನವರ ನಗು ಸಹ ಒಂದೇ ಥರ. ಅದರ ಬೆನ್ನಿಗೇ ಇನ್ನೆರಡು ವಕ್ಕರಿಸಿದವು. ಮೇಣದ ಬತ್ತಿಯವನು ಗಂಟುಮೂಟೆ ಕಟ್ಟಿದ, ಪುಸ್ತಕದ ಮುದುಕಿ ಮಗಳ ಮನೆ ಸೇರಿದಳು. ಜಾನಕಿ ಆ ಜೀನ್ಸ್ ಅಂಗಡಿಯ ಮುಂದೆ ಹಾಯುವಾಗೆಲ್ಲ ಮುಖ ಆಚೆ ತಿರುಗಿಸಿಕೊಂಡೇ ಹೋಗುತ್ತಿದ್ದಳು.

1975ರ ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಕಟ್ಟಡದ ಮಾಲೀಕ ಹಾಲಿಸ್ ಹೊಸ ಕರಾರು ತಂದುಕೊಟ್ಟ. ಇನ್ನೂ ಐದು ವರ್ಷಕ್ಕೆ ಅಂಗಡಿ ಅವಳದ್ದೇ, ಬಾಡಿಗೆ ತುಸು ಹೆಚ್ಚು ಅಷ್ಟೆ. “ಜೀನ್ಸ್‌ನವರು ಈ ಜಾಗ ಬೇಕು ಅಂತ ವಾರ ವಾರ ಕೇಳ್ತಿದ್ದಾರೆ. ನನಗೆ ನೀವೇ ಇರಲಿ ಅಂತ ಆಸೆ. ಮೂವತ್ತರೊಳಗೆ ಸೈನ್ ಮಾಡಿ ಕೊಡಿ,” ಎಂದು ಹೇಳಿ ಹೋದ.

ಪಕ್ಷಮಾಸ ಶುರುವಾಗಿ ಆಗಲೇ ಎರಡು ದಿನವಾಗಿತ್ತು. ಸತ್ತ ಹಿರಿಯರಿಗೆ ಮೀಸಲಾದ ಆ ಹದಿನೈದು ದಿನ ಜಾನಕಿಯ ಅಪ್ಪ ಹೊಸ ಬಟ್ಟೆಮೂಟೆಯ ದಾರ ಸಹ ಬಿಚ್ಚುತ್ತಿರಲಿಲ್ಲ.

“ಸೈನ್ ಮಾಡಿ ಬಿಸಾಕೇ, ಬರೀ ಪೇಪರ್ ತಾನೇ,” ಎಂದ ಅಶ್ವತ್ಥ.

“ಪಕ್ಷದಲ್ಲಿ ಹೊಸ ಕಾಗದಕ್ಕೆ ಸೈನ್ ಹಾಕ್ತಾರೇನ್ರೀ? ಐದನೇ ತಾರೀಖು ಅಮಾವಾಸ್ಯೆ. ಆರಕ್ಕೆ ಹಾಕಿದ್ರಾಯ್ತು. ಐದು ವರ್ಷದ ಪರಿಚಯ, ಒಂದು ವಾರಕ್ಕೆ ಓಡಿಹೋಗ್ತಾನಾ?”

“ಫೋನ್ ಮಾಡಿ ಹೇಳಾದ್ರೂ ಹೇಳು.”

“ನಮ್ಮ ಸತ್ತೋರ ವಿಷಯ ಅವನಿಗ್ಯಾಕೆ ಎಕ್ಸ್‌ಪ್ಲೇನ್ ಮಾಡ್ಲಿ?”

ಆರನೇ ತಾರೀಖು ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಕರಾರಿನ ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ಸಹಿ ಹಾಕಿ ಹಾಲಿಸನ ಆಫೀಸಿಗೆ ಹೋದಳು. ಅವನು ಕಾಗದವನ್ನು ಮುಟ್ಟಲಿಲ್ಲ. ಒಂದನೇ ತಾರೀಖೇ ಜೀನ್ಸ್‌ನವರಿಗೆ ಬರೆದುಕೊಟ್ಟಿದ್ದ.

“ಎಂಟು ದಿನ ಟೈಮ್ ಇತ್ತಲ್ಲ ಮ್ಯಾಡಮ್?”

“ಅವು ನಮಗೆ ಸಹಿ ಹಾಕೋ ದಿನಗಳಲ್ಲ.”

“ಅಯ್ಯೋ, ಒಂದು ಫೋನ್ ಮಾಡಿದ್ರೆ ಕಾಯ್ತಿದ್ದೆನಲ್ಲ!”

ಆ ಮನುಷ್ಯ ಕೆಟ್ಟವನಾಗಿದ್ದರೆ ಚೆನ್ನಾಗಿರುತ್ತಿತ್ತು. ಶಾಪ ಹಾಕಿಯಾದರೂ ಹೊಟ್ಟೆ ತಣ್ಣಗಾಗುತ್ತಿತ್ತು. ಈಗ ಶಾಪ ಹಾಕಲು ಉಳಿದದ್ದು ಅವಳ ತಲೆಯೊಂದೇ. ಡಿಸೆಂಬರಿನಲ್ಲಿ ಅಂಗಡಿ ಖಾಲಿ ಮಾಡಿ ಬೀಗದ ಕೈ ಕೊಟ್ಟಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. “ಎಂಟು ದಿನ, ಒಂದು ಫೋನು” ಎಂದು ಪಾತ್ರೆ ತೊಳೆಯುವಾಗಲೂ ಹಲ್ಲು ಕಡಿಯುತ್ತಿದ್ದಳು. ಅಶ್ವತ್ಥ ನಿನ್ನ ತಪ್ಪಲ್ಲ ಎಂದು ಸಮಾಧಾನ ಮಾಡಲು ಬಾಯಿ ತೆರೆದರೆ ಅವನ ಮೇಲೂ ಹರಿಹಾಯುತ್ತಿದ್ದಳು.

ಮೇ ತಿಂಗಳಲ್ಲಿ ಅವಳು ಮಾಡಿದ ಕೆಲಸ ಕೇಳಿ ಅಶ್ವತ್ಥ ಊಟದ ತಟ್ಟೆಯಿಂದ ಕೈ ಎತ್ತಿದ. ತನ್ನ ಕೋಣೆಯನ್ನು ನುಂಗಿದ್ದ ಅದೇ ಜೀನ್ಸ್ ಅಂಗಡಿಗೆ ಮಾರಾಟದವಳಾಗಿ ಅಪ್ಲೈ ಮಾಡಿದ್ದಳು. ಅವರೂ ತೆಗೆದುಕೊಂಡಿದ್ದರು.

“ಹುಚ್ಚು ಹಿಡಿದಿದ್ಯೇನೇ ನಿಂಗೆ?”

“ಹಿಡಿದಿದೆ. ಹೊರಗೆ ನಿಂತು ಬೈದ್ರೆ ಯಾರಿಗೆ ಕೇಳ್ಸುತ್ತೆ? ಒಳಗಿದ್ದೇ ಅವರ ಗಿರಾಕಿಗಳನ್ನ ಓಡಿಸ್ತೀನಿ.”

ಎದೆಗೆ ಹೆಸರಿನ ಬಿಲ್ಲೆ ಚುಚ್ಚಿಕೊಂಡು ತನ್ನ ಅಂಗಡಿಯಲ್ಲೇ ಪರಕೀಯಳಾಗಿ ನಿಂತಳು. ಜೀನ್ಸ್ ಜೊತೆಗೆ ಈಗ ಅಲ್ಲಿ ಭಾರತದ ಅಚ್ಚಿನ ನಕಲು ಅಂಗಿಗಳೂ ತೂಗುತ್ತಿದ್ದವು. ಅವನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಯಾರಾದರೂ ಅಂಗಿ ಎತ್ತಿಕೊಂಡರೆ ಪಕ್ಕಕ್ಕೆ ಹೋಗಿ, ಹೊಲಿಗೆ ಸಡಿಲ, ಬಟ್ಟೆ ಜಾಳು ಎಂದು ಕಿವಿಯಲ್ಲಿ ಹೇಳುವಳು. ಅವರು ನಕ್ಕು, ಅಂಗಿ ಹಿಡಿದು ಕ್ಯಾಷ್ ಕೌಂಟರಿಗೆ ಹೋಗುವರು. ಅಮೇರಿಕದವರಿಗೆ ಬಟ್ಟೆಯ ಗಂಧವೇ ಗೊತ್ತಿಲ್ಲ ಎಂದು ಅವಳು ಮನಸ್ಸಿನಲ್ಲೇ ಬೈಯುವಳು.

ಹನ್ನೊಂದನೇ ದಿನ ಕ್ಯಾರಲ್ ಬಂದಳು. ಜಾನಕಿಗೆ ಜೀವ ಬಂದ ಹಾಗಾಯಿತು. ಇವಳಿಗೆ ಬಟ್ಟೆ ಗೊತ್ತು, ಇವಳಿಗೆ ತಾನೇ ಕಲಿಸಿದ್ದೇನೆ. ಕ್ಯಾರಲ್ ಅವಳನ್ನು ತಬ್ಬಿಕೊಂಡು, ಕೆಂಪು ಅಚ್ಚಿನ ಅಂಗಿಯೊಂದನ್ನು ಮೈಗೆ ಹಿಡಿದು ಕನ್ನಡಿ ನೋಡಿಕೊಂಡಳು. ಜಾನಕಿ ಕರವಸ್ತ್ರವನ್ನು ನೀರಿನಲ್ಲಿ ಅದ್ದಿ ತಂದು ಅಂಗಿಯ ಒಳಮೈಗೆ ಉಜ್ಜಿದಳು. ಚಿಕ್ಕಪೇಟೆಯಲ್ಲಿ ಬಣ್ಣ ಪರೀಕ್ಷಿಸುವುದು ಹೀಗೆಯೇ. ಬಿಳಿ ಕರವಸ್ತ್ರ ಕೆಂಪಗಾಯಿತು.

“ನೋಡು. ಒಂದೇ ಒಗೆತಕ್ಕೆ ಎಲ್ಲ ಹೋಗುತ್ತೆ.”

“ಗೊತ್ತು ಜಾನಕಿ,” ಕ್ಯಾರಲ್ ನಕ್ಕಳು. “ಈ ಬೇಸಿಗೆಗೆ ಹಾಕ್ಕೊಂಡು ಎಸೆದುಬಿಡ್ತೀನಿ. ನಿಮ್ಮ ಹತ್ರ ತಗೊಂಡಿದ್ದು ಇದ್ಯಲ್ಲ, ಐದು ವರ್ಷ ಆದ್ರೂ ಹರೀಲೇ ಇಲ್ಲ. ನೋಡೀ ನೋಡೀ ಬೇಜಾರಾಗಿ ಹೋಯ್ತು!”

ಹುಡುಗಿಯ ಮಾತಿನಲ್ಲಿ ಲವಲೇಶವೂ ಕುಹಕವಿರಲಿಲ್ಲ. ಜಾನಕಿ ಅಂಗಿಯನ್ನು ಅಂದವಾಗಿ ಮಡಿಸಿ ಅವಳ ಕೈಗಿಟ್ಟಳು. ಬಿಲ್ಲೆ ಕಿತ್ತು ಕೌಂಟರಿನ ಮೇಲೆ ಹಾಕಿ, ಯಾರಿಗೂ ಹೇಳದೆ ಬಸ್ಸು ಹತ್ತಿದಳು.

ಸಂಜೆ ಅಶ್ವತ್ಥ ಬರುವ ಹೊತ್ತಿಗೆ ಅಡಿಗೆಮನೆಯ ದೀಪ ಹಾಕದೆ ಕೂತಿದ್ದಳು.

“ಅವತ್ತು ಸೈನ್ ಹಾಕಿದ್ರೂ ಅಂಗಡಿ ಉಳೀತಿರಲಿಲ್ಲ ಕಣ್ರೀ. ಬಾಳಿಕೆ ಬರೋ ಬಟ್ಟೆ ಈಗ ಯಾರಿಗೂ ಬೇಡ.”

ಅವನಿಗೆ ಎದೆಯ ಭಾರ ಇಳಿದಂತಾಯಿತು. “ನೋಡು, ಅದನ್ನೇ ತಾನೆ ನಾನೂ ಹೇಳ್ತಿದ್ದಿದ್ದು! ಇದ್ರಲ್ಲಿ ನಿನ್ನ ತಪ್ಪೇನೂ ಇಲ್ಲ,” ಎಂದು ಕಾಫಿಗೆ ನೀರಿಟ್ಟ.

ತನ್ನದೇ ತಪ್ಪು ಎಂದುಕೊಂಡಿದ್ದಷ್ಟು ದಿನ ಅಂಗಡಿಯನ್ನು ಉಳಿಸಿಕೊಳ್ಳಬಹುದಿತ್ತು ಎಂಬ ನಂಬಿಕೆಯೊಂದು ಅವಳಿಗೆ ಉಳಿದಿತ್ತು. ಅದೂ ಈಗ ಹೋಯಿತು. ಬೀಗದ ಕೈ ಕೊಟ್ಟಾಗ ಅಳದಿದ್ದ ಜಾನಕಿ, ಗಂಡ ಲೋಟ ತಂದು ಮುಂದಿಡುವಷ್ಟರಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.