ಹುಳದ ಮನೆಯ ಕೆಮ್ಮು

“ಹಳೇ ಕಾಯಿಲೆ ಏನಾದ್ರೂ ಇದ್ಯೇನಮ್ಮಾ?” ಎಂದು ಕೋಲಾರದ ವಿಮಾ ಕಚೇರಿಯ ಗುಮಾಸ್ತರು ಕೇಳಿದಾಗ ನಾನು ಥಟ್ಟನೆ ಇಲ್ಲವೆಂದೆ. ಎಂಬತ್ತರ ದಶಕದ ಮಾತು. ಲಂಡನ್ನಿನಲ್ಲಿ ನರ್ಸ್ ಆಗಿದ್ದ ತಂಗಿಯ ಬಾಣಂತನಕ್ಕೆ ಹೊರಟಿದ್ದೆ, ಪ್ರಯಾಣದ ವಿಮೆ ಮಾಡಿಸಬೇಕಿತ್ತು. ಉಬ್ಬಸವಿದೆ ಎಂದರೆ ಪ್ರಯಾಣವೇ ನಿಂತೀತೆಂಬ ಭಯ. ಗುಮಾಸ್ತರು ಅಗ್ಗದ ಪಾಲಿಸಿ ಬರೆಯಲು ಹೊರಟರು. ಅದರಲ್ಲಿ ಹಳೇ ಕಾಯಿಲೆಯ ಖರ್ಚು ಸಿಗುತ್ತಿರಲಿಲ್ಲ.

ವಕ್ಕಲೇರಿಯಿಂದ ಜೊತೆಗೆ ಬಂದಿದ್ದ ನಮ್ಮ ಯಜಮಾನರು ಅಲ್ಲಿಯವರೆಗೂ ತುಟಿ ಬಿಚ್ಚಿರಲಿಲ್ಲ. ಮನೆಯಲ್ಲೂ ಅಷ್ಟೇ, ‘ಹೇಗಿದ್ದೀಯೆ’ ಎಂದು ಒಂದು ದಿನವೂ ಕೇಳಿದವರಲ್ಲ.

“ಉಬ್ಬಸ ಐತೆ ಸಾರ್,” ಎಂದರು. “ನನ್ನ ನಿದ್ದೆ ಕೆಡುತ್ತೆ ಅಂತ, ರೇಷ್ಮೆಹುಳಕ್ಕೆ ಸೊಪ್ಪು ಹಾಕೋ ನೆಪದಲ್ಲಿ ರಾತ್ರಿ ಎದ್ದೋಗಿ ಹುಳದ ಮನೇಲಿ ಕೂತ್ಕೊಂಡು ಕೆಮ್ತಾಳೆ. ದುಡ್ಡು ಜಾಸ್ತಿ ಆದ್ರೂ ಆಗ್ಲಿ, ಉಬ್ಬಸಕ್ಕೂ ಆಗೋ ಅಂಥದ್ದೇ ಕೊಡಿ.”

ನಾನು ಸೆರಗಿನ ತುದಿ ನೋಡುತ್ತಾ ಕೂತೆ. ಇಷ್ಟು ವರ್ಷ ಅವರು ನಿದ್ದೆಯಲ್ಲಿರುತ್ತಾರೆಂದೇ ತಿಳಿದಿದ್ದೆ.

ಲಂಡನ್ನಿನಲ್ಲಿ ಆ ವಿಮೆಯ ಅಗತ್ಯ ಬೀಳಲಿಲ್ಲ. ಆದರೆ ಊರಿಗೆ ಬಂದ ಮೇಲೆ ಕೆಮ್ಮಲಿಕ್ಕೆಂದು ನಾನು ಹುಳದ ಮನೆಗೆ ಹೋಗಲಿಲ್ಲ. ಹಾಸಿಗೆಯಲ್ಲೇ ಎದ್ದು ಕೂತು ಕೆಮ್ಮುತ್ತಿದ್ದೆ. ಅವರು ಎದ್ದು, ನೀರು ಕಾಯಿಸಲು ಒಲೆ ಹಚ್ಚುತ್ತಿದ್ದರು.