ದೇವರ ಕಾವಲಿನ ಆರ್ಕಿಡ್

ಮೊಳಕಾಲ್ಮುರಿನಾಚೆಯ ಗುಡ್ಡದಲ್ಲಿ ಸಂಶೋಧಕಿ ಕಾಡು ಆರ್ಕಿಡ್‌ನ ಎಲೆ ಕತ್ತರಿಸಬೇಕು, ಅಷ್ಟರಲ್ಲಿ ದೇವರ ಎತ್ತು ಕಾಯುವ ಮುದುಕ ಕಿಲಾರಿ ಅಡ್ಡ ಬಂದ.

"ಇದು ಎತ್ತು ಮೇಯೋ ದೇವರ ಕಾವಲು, ಇಲ್ಲಿ ಎಲೆ ಕೀಳಂಗಿಲ್ಲ ಕಣವ್ವ."

ಜೊತೆಗೆ ಹೋಗಿದ್ದ ನಾನು ಎಲೆ ಯಾಕೆ ಬೇಕೆಂದು ಖುಷಿಯಲ್ಲಿ ಹಿಮಯುಗದಿಂದಲೇ ವಿವರಿಸಲು ಶುರುಮಾಡಿದೆ. "ನೀವು ಸುಮ್ಕಿರ್ರಿ ಸಾರ್, ಆಯಮ್ಮ ಹೇಳ್ಲಿ" ಅಂದುಬಿಟ್ಟ ಮುದುಕ.

"ಸಾವಿರಾರು ವರ್ಷದ ಹಿಂದೆ ಮಳೆ ಕಮ್ಮಿಯಾಗಿ ಈ ಗಿಡ ತೇವವಿದ್ದ ಗುಡ್ಡಗಳಲ್ಲಷ್ಟೇ ಉಳಿದಿರಬೇಕು. ದೂರವಾಗಿ ಒಂದೊಂದು ಗುಡ್ಡದ್ದೂ ಒಂದೊಂದು ಬಳಗವಾಯ್ತಾ ಅಂತ ಎಲೆಯಿಂದ ತಿಳಿಯುತ್ತೆ" ಅಂದಳು.

"ಬರಗಾಲದಾಗ ಚದುರಿದ ನಮ್ಮ ಎತ್ತಿನಂಗೆ, ಮಳೆ ಬಂದ್ಮೇಲೆ ತಿರುಗಾ ಕೂಡ್ಕಂಡ್ವಾ?"

"ಅದನ್ನೇ ಹುಡುಕ್ತಿದ್ದೀನಿ ಅಜ್ಜ."

ಕಿಲಾರಿ ಕೈಮುಗಿದು ತಾನೇ ಎಲೆಯ ತುದಿ ಚಿವುಟಿ ಕೊಟ್ಟ. "ನಾಳೆ ಆಚೆ ಗುಡ್ಡಕ್ಕೂ ನಾನೇ ಬರ್ತೀನಿ. ಅಲ್ಲಿ ಕಾಯೋನು ನಮ್ಮ ಭಾವ, ಬಲೇ ಮೊಂಡ."

ಮರುದಿನ ಭಾವ ತಕರಾರೇ ಇಲ್ಲದೆ ಎಲೆಯ ಜೊತೆ ಮಜ್ಜಿಗೆಯನ್ನೂ ಕೊಟ್ಟ. ನಿಜವಾದ ಮೊಂಡ ಯಾರೆಂದು ನಾನು ಕಿಲಾರಿಗೆ ಹೇಳಲು ಹೋಗಲಿಲ್ಲ.