ವಾಲ್ವಿನ ಬುಡದ ಕುಂಕುಮ

ಜಟ್ಟೆಪ್ಪನ ಸಿಟ್ಟು ಮರ್ಫಿ ಟೌನಿಗೆಲ್ಲ ಗೊತ್ತಿತ್ತು. ಅಂಗಡಿ ಮುಂದೆ ಯಾರಾದರೂ ಸ್ಕೂಟರ್ ನಿಲ್ಲಿಸಿದರೆ ಸಿಟ್ಟು, ಕರೆಂಟು ಹೋದರೆ ಸಿಟ್ಟು, ಬಂದರೆ ಇಷ್ಟು ಹೊತ್ತು ಎಲ್ಲಿ ಸತ್ತಿತ್ತು ಅಂತ ಸಿಟ್ಟು. ಬೈದಾದ ಮೇಲೆ ಅದೇ ಮನುಷ್ಯನಿಗೆ ಚಹಾ ತರಿಸಿ ಕುಡಿಸುತ್ತಿದ್ದ. ಹಾಗಾಗಿ ಜನ ಅವನ ಬೈಗುಳವನ್ನು ಮಿಕ್ಸಿ ಸದ್ದಿನಂತೆ ಸಹಿಸಿಕೊಂಡಿದ್ದರು. ಸ್ವಲ್ಪ ಹೊತ್ತು ಅರಚುತ್ತದೆ, ಆಮೇಲೆ ಚಟ್ನಿ ಸಿಗುತ್ತದೆ.

ಶಹಾಪುರದ ಕಡೆಯವನು. ಶಾಲೆಯ ಮೆಟ್ಟಿಲು ಹತ್ತಿದ್ದು ತಡವಾಗಿ, ಇಳಿದದ್ದು ಬೇಗ. ಬೆಂಗಳೂರಿಗೆ ಗಾರೆ ಕೆಲಸಕ್ಕೆಂದು ಬಂದವನು ಹಲಸೂರಿನ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ಹಾರ್ನ್ ಹೊರುವ ಕೂಲಿಯಾದ. ಹೊರುತ್ತ ಹೊರುತ್ತ ಸಾಲ್ಡರ್ ಹಿಡಿಯುವುದು ಕಲಿತ. ಕೊನೆಗೆ ಮರ್ಫಿ ಟೌನಿನಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು, ಮುಂದಿನ ಅರ್ಧದಲ್ಲಿ ಆಂಪ್ಲಿಫೈಯರ್ ಕಟ್ಟುತ್ತ, ಹಿಂದಿನ ಅರ್ಧದಲ್ಲಿ ಹೆಂಡತಿ ಯಂಕಮ್ಮನ ಜೊತೆ ಸಂಸಾರ ಮಾಡುತ್ತ ನೆಲೆ ನಿಂತ.

ಊರಿಂದ ಬಂದ ಹೊಸದರಲ್ಲಿ ಕಂಟೋನ್ಮೆಂಟ್ ಕಡೆಯ ತಮಿಳು, ಇಂಗ್ಲಿಷು ಕೇಳಿ ಅವನಿಗೆ ಕಿವಿ ಇದ್ದೂ ಕಿವುಡನಾದಂತೆ ಆಗಿತ್ತು. ಆಗ ಒಂದು ದಿನ ಶಿವಾಜಿನಗರದ ಗುಜರಿ ಗಲ್ಲಿಯಲ್ಲಿ ಹಳೇ ರೇಡಿಯೋ ಸಾಮಾನು ಮಾರುವ ವಾಜಿದ್ ಭಾಯ್ ಯಾರಿಗೋ 'ನಕ್ಕೋ ಜೀ, ಕೈಕು?' ಅಂದದ್ದು ಕಿವಿಗೆ ಬಿತ್ತು. ಬೇಡ ಜೀ, ಯಾಕೆ ಅನ್ನುವ, ತನ್ನೂರಿನ ಸಂತೆಯಲ್ಲಿ ಕೇಳುತ್ತಿದ್ದ ಅದೇ ದಖನಿ ಮಾತು. ಜಟ್ಟೆಪ್ಪ ಅಲ್ಲೇ ನಿಂತುಬಿಟ್ಟ. ಅವನಿಗಿಂತ ಹತ್ತು ಹನ್ನೆರಡು ವರ್ಷಕ್ಕೆ ಹಿರಿಯನಾದ ವಾಜಿದ್ ಭಾಯ್ ಹುಟ್ಟಿದ್ದು ಬೆಳೆದದ್ದು ಶಿವಾಜಿನಗರದಲ್ಲೇ. ಆದರೂ ಅವತ್ತಿನಿಂದ ಜಟ್ಟೆಪ್ಪನನ್ನು ಕರೆದದ್ದು 'ಗಾಂವ್‌ವಾಲೆ' ಎಂದೇ, ತನ್ನೂರಿನವನೇ ಎಂಬಂತೆ. ವಾಜಿದ್ ಕೊಟ್ಟ ಸಾಮಾನನ್ನು ಜಟ್ಟೆಪ್ಪ ತಿರುಗಿಸಿ ನೋಡುತ್ತಿರಲಿಲ್ಲ. ಕಾಗದದಲ್ಲಿ ಸುತ್ತಿ ಕೊಟ್ಟರೆ ಹಾಗೇ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದ.

ತೊಂಬತ್ತೇಳರ ದಸರೆಗೆ ಮುಂಚೆ ಆರೋಗ್ಯದಾಸ್ ಬಂದ. ಹಲಸೂರಿನವನು, ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವನು, ಭಾನುವಾರ ಚರ್ಚಿನಲ್ಲೂ ನುಡಿಸುವವನು.

"ಜಟ್ಟೆಪ್ಪಣ್ಣ, ನಿಮ್ ಟ್ರಾನ್ಸಿಸ್ಟರ್ ಸೆಟ್ಟಲ್ಲಿ ನನ್ ಗಿಟಾರು ತಗಡು ಬಡಿದಂಗೆ ಕೇಳತ್ತೆ. ನಂಗೆ ಆ ಹಳೇ ಕಾಲದ ಗಾಜಿನ ವಾಲ್ವ್ ಇರೋ ಸೆಟ್ ಬೇಕು. ಸೌಂಡು ಎದೆಗೆ ಬಂದು ಕೂತ್ಕೋಬೇಕು."

"ಕೂತ್ಕೊಳ್ಳತ್ತೆ, ಎದ್ದು ಹೋಗು ಅಂದ್ರೂ ಹೋಗಲ್ಲ," ಅಂದ ಜಟ್ಟೆಪ್ಪ.

ಮೈಕ್‌ಸೆಟ್ ಅಂಗಡಿಯಲ್ಲಿ ಹಳೆಯ ವಾಲ್ವ್ ಸೆಟ್ಟುಗಳನ್ನು ರಿಪೇರಿ ಮಾಡಿದ್ದವನೇ. ಆದರೆ ಬುಡದಿಂದ ತಾನೇ ಕಟ್ಟಿದ್ದು ಅದೇ ಮೊದಲು. ಟ್ರಾನ್ಸ್‌ಫಾರ್ಮರ್ ತಾನೇ ಸುತ್ತಿದ. ಪೆಟ್ಟಿಗೆಗೆ ತೇಗದ ಹಲಗೆ ಹುಡುಕಿದ. ವಾಲ್ವಿಗೆ ವಾಜಿದ್ ಭಾಯ್ ಹತ್ತಿರ ಹೋದ. ವಾಜಿದ್ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಇಳಿಸಿ, ಯಾವುದೋ ಕಾಲದಲ್ಲಿ ಮಿಲಿಟರಿ ಹರಾಜಿನಲ್ಲಿ ತಂದಿದ್ದ ವಾಲ್ವುಗಳನ್ನು ಒಂದೊಂದಾಗಿ ತನ್ನ ಹಳೇ ಟೆಸ್ಟರಿಗೆ ಸಿಕ್ಕಿಸಿ, ಮುಳ್ಳು ಹಸಿರು ಗೆರೆಗೆ ಏರುವುದನ್ನು ನೋಡಿ, ನಾಲ್ಕನ್ನು ಆರಿಸಿದ.

"ಇವು ಜೋಡಿ ಹಕ್ಕಿ ಇದ್ದಂಗೆ, ಗಾಂವ್‌ವಾಲೆ. ನಾಲ್ಕೂ ಒಂದೇ ಥರ ಹಾಡ್ತವೆ. ಬೇರೆ ಯಾರಿಗೂ ಕೊಟ್ಟಿಲ್ಲ."

ಜಟ್ಟೆಪ್ಪ ಆಗಲೂ ಅವನ್ನು ತಿರುಗಿಸಿ ನೋಡಲಿಲ್ಲ.

ಸೆಟ್ಟು ಮುಗಿದದ್ದು ಆಯುಧ ಪೂಜೆಯ ದಿನಕ್ಕೆ ಸರಿಯಾಗಿ. ಹೊಸ ಆಂಪ್ಲಿಫೈಯರ್ ಯಾವುದೇ ಇರಲಿ, ಕುಂಕುಮ ಕಾಣದೆ ಅವನ ಖೋಲಿಯಿಂದ ಹೊರಗೆ ಹೋಗುತ್ತಿರಲಿಲ್ಲ. ಟ್ರಾನ್ಸಿಸ್ಟರ್ ಸೆಟ್ಟಾದರೆ ಟ್ರಾನ್ಸ್‌ಫಾರ್ಮರಿನ ತಲೆಗೆ ಒಂದು ಬೊಟ್ಟು ಇಟ್ಟರೆ ಮುಗಿಯಿತು. ಆದರೆ ಇದು ವಾಲ್ವಿನದು. ಸ್ವಿಚ್ಚು ಹಾಕಿದರೆ ಗಾಜಿನೊಳಗೆ ಕೆಂಪಗೆ ಉರಿಯುತ್ತದೆ. ಅಂದ ಮೇಲೆ ಇದು ದೀಪವೇ ತಾನೆ? ದೀಪದ ಬುಡಕ್ಕೆ ಅರಿಶಿನ ಕುಂಕುಮ ಇಡದೆ ಹಚ್ಚುವುದು ಯಾವ ಮನೆಯಲ್ಲಿ ಉಂಟು? ಯಂಕಮ್ಮ ತಟ್ಟೆಯಲ್ಲಿ ಅರಿಶಿನ ಕುಂಕುಮ ನೀರಲ್ಲಿ ಕಲಸಿ ಕೊಟ್ಟಳು. ಜಟ್ಟೆಪ್ಪ ವಾಲ್ವುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು, ಅವು ಕೂರುವ ಸಾಕೆಟ್ಟುಗಳ ಮೇಲೆ, ಕಾಲು ತೂರುವ ತೂತುಗಳ ನಡುವೆ, ದಪ್ಪದಪ್ಪಗೆ ಬೊಟ್ಟಿಟ್ಟ. ಕರ್ಪೂರ ಬೆಳಗಿ, ಕೈ ಮುಗಿದು, ವಾಲ್ವುಗಳನ್ನು ಮತ್ತೆ ಕೂರಿಸಿದ. ಆರೋಗ್ಯದಾಸ್ ಒಂದು ಸಲ ನುಡಿಸಿ ನೋಡಿದ. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಗುಂಯ್ ಅಂದವು. ಯಂಕಮ್ಮ ಎದೆ ಮುಟ್ಟಿಕೊಂಡು, "ಯವ್ವಾ, ಖರೇನ ಬಂದು ಕುಂತಿತಲ್ರೀ!" ಅಂದಳು.

ವಾರ ಕಳೆಯುವುದರೊಳಗೆ ಆರೋಗ್ಯದಾಸ್ ಆಟೋದಲ್ಲಿ ಸೆಟ್ಟು ಹೇರಿಕೊಂಡು ಬಂದ.

"ಅಣ್ಣ, ಮದ್ವೇಲಿ ಮಾನ ಹೋಯ್ತು. ಕಾಯೋವರ್ಗೂ ಚೆನ್ನಾಗಿರತ್ತೆ. ಕಾದ ಮೇಲೆ ಒಗ್ಗರಣೆ ಹಾಕ್ದಂಗೆ ಚಟಪಟ ಚಟಪಟ. ಹುಡುಗಿ ಅಪ್ಪ ಬಂದು ಅಡುಗೆಮನೆ ಮೈಕ್ ಯಾಕಪ್ಪಾ ಆನ್ ಮಾಡಿದೀರಾ ಅಂದ್ರು!"

ಜಟ್ಟೆಪ್ಪ ಮೊದಲು ಅವನ ಗಿಟಾರಿನ ವೈರನ್ನು ಬೈದ. ವೈರು ಬದಲಾಯಿಸಿದರೂ ಚಟಪಟ. ಆಮೇಲೆ ಮದುವೆ ಮಂಟಪದ ಕರೆಂಟನ್ನು ಬೈದ. ಖೋಲಿಯ ಕರೆಂಟಿನಲ್ಲೂ ಚಟಪಟ. ಮಾಡಿದ ಕೈ ತನ್ನದಾದ್ದರಿಂದ ತಪ್ಪು ಕೈಯಲ್ಲಿಲ್ಲ, ಮಾಲಿನಲ್ಲಿದೆ ಎಂದು ಅವನಿಗೆ ಖಾತ್ರಿಯಾಗಿತ್ತು. ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ವಾಲ್ವು ತೆಗೆದು, ವಾಜಿದ್ ಕೊಟ್ಟದ್ದರ ಜಾಗಕ್ಕೆ ಒತ್ತಿ ಕೂರಿಸಿದ. ಸದ್ದು ಕಡಿಮೆಯಾಯಿತು. ಅಷ್ಟೇ ಸಾಕಾಯಿತು ಅವನಿಗೆ.

ನಾಲ್ಕೂ ವಾಲ್ವು ಚೀಲಕ್ಕೆ ಹಾಕಿಕೊಂಡು, ಆರೋಗ್ಯದಾಸನನ್ನು ಜೊತೆಗೆ ಎಳೆದುಕೊಂಡು ಶಿವಾಜಿನಗರಕ್ಕೆ ಹೋದ. ಶುಕ್ರವಾರ, ನಮಾಜು ಮುಗಿಸಿದ ಜನ ಗಲ್ಲಿ ತುಂಬ. ವಾಜಿದ್ ಅಂಗಡಿ ಮುಂದೆ ಗಿರಾಕಿಗಳು ನಿಂತಿದ್ದರು.

"ಆವೋ ಗಾಂವ್‌ವಾಲೆ..."

"ಯಾವ ಗಾಂವ್ರೀ? ಡೂಪ್ಲಿಕೇಟ್ ಮಾಲು ಕೊಟ್ಟು ಗಾಂವ್ ಅಂತೀರಾ? ಸತ್ತ ವಾಲ್ವುಗೆ ಪಾಲಿಶ್ ಹೊಡೆದು ನನ್ ತಲೆಗೆ ಕಟ್ಟಿದೀರಲ್ಲ! ನಂಬಿದವನ ಕುತ್ತಿಗೆ ಕೊಯ್ಯೋದೇ ನಿಮ್ ವ್ಯಾಪಾರ?"

ಗಲ್ಲಿಯ ಜನ ನಿಂತು ತಿರುಗಿ ನೋಡಿದರು. ವಾಜಿದ್ ಭಾಯ್ ಏನೂ ಕೂಗಲಿಲ್ಲ. ಗಡ್ಡದ ಮೇಲೆ ಒಂದು ಸಲ ಕೈಯಾಡಿಸಿದ.

"ಟೆಸ್ಟ್ ಮಾಡಿ ಕೊಟ್ಟಿದ್ದೆ," ಅಂದ. ನಾಲ್ಕನ್ನೂ ವಾಪಸು ತೆಗೆದುಕೊಂಡು, ಪೆಟ್ಟಿಗೆಯಿಂದ ಬೇರೆ ನಾಲ್ಕು ಕೊಟ್ಟ. ಸುತ್ತುವಾಗ ಅವನು ಕಾಗದವನ್ನು ಎರಡೆರಡು ಸಲ ಮಡಚಿದ್ದನ್ನು ಜಟ್ಟೆಪ್ಪ ನೋಡಿದ. ನೋಡಿ, ಸಿಕ್ಕಿಬಿದ್ದ ಮೇಲೆ ಕಳ್ಳನಿಗೆ ಜಾಗ್ರತೆ ಬಂತು ಅಂದುಕೊಂಡ. ಈ ಸಲ ಯಾರೂ ಯಾರಿಗೂ ಚಹಾ ತರಿಸಲಿಲ್ಲ.

ಹೊಸ ವಾಲ್ವು ಹಾಕಿದ ಮೇಲೆ ಸೆಟ್ಟು ಸುಮ್ಮನಾಯಿತು. "ನಾ ಹೇಳ್ಲಿಲ್ವಾ?" ಎಂದು ಜಟ್ಟೆಪ್ಪ ಬಂದವರಿಗೆಲ್ಲ ಹೇಳಿದ. ಆರೋಗ್ಯದಾಸ್ ಆರ್ಕೆಸ್ಟ್ರಾದವರಿಗೆ ಹೇಳಿದ. ಅವರು ಮೈಕ್‌ಸೆಟ್‌ನವರಿಗೆ ಹೇಳಿದರು. ಹಳೇ ಸಾಮಾನಿನ ವ್ಯಾಪಾರ ಅಂದರೆ ಬರೀ ಮಾತಿನ ಮೇಲೆ ನಿಂತದ್ದು. ಡೂಪ್ಲಿಕೇಟ್ ಎಂಬ ಒಂದು ಮಾತು ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಬಸ್ಸಿಗಿಂತ ಬೇಗ ತಲುಪಿತು.

ಕ್ರಿಸ್‌ಮಸ್ ಹತ್ತಿರ ಬರುತ್ತಿದ್ದಾಗ ಸೆಟ್ಟು ಮತ್ತೆ ಬಂತು. ಮತ್ತೆ ಚಟಪಟ. ಆರೋಗ್ಯದಾಸ್ ಅದನ್ನು ಬಿಟ್ಟು ಚರ್ಚಿಗೆ ಓಡಿದ. ಬೆಳಗಿನ ಬಿಸಿಲು ಹಲಗೆ ಮೇಲೆ ಬಿದ್ದಿತ್ತು. ಜಟ್ಟೆಪ್ಪ ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ಕಾಯಲು ಬಿಟ್ಟು, ಮೂಗು ಹತ್ತಿರ ಒಯ್ದ.

ಸೀದ ಅರಿಶಿನದ ವಾಸನೆ.

ಸ್ವಿಚ್ಚು ಆರಿಸಿ, ತಣ್ಣಗಾಗುವವರೆಗೆ ಕಾದು, ವಾಲ್ವು ಕಿತ್ತ. ಸಾಕೆಟ್ಟಿನ ತೂತುಗಳ ನಡುವೆ ಕುಂಕುಮ ಗಟ್ಟಿ ಹಕ್ಕಳೆಯಾಗಿ ಕೂತಿತ್ತು. ಆ ಹಕ್ಕಳೆಯ ಮೇಲೆ ಒಂದು ತೂತಿನಿಂದ ಇನ್ನೊಂದಕ್ಕೆ ಕಾಡಿಗೆಯಂಥ ಕಪ್ಪು ಗೆರೆ. ವಾಲ್ವ್ ಸೆಟ್ಟಿನಲ್ಲಿ ಓಡುವ ಕರೆಂಟು ಗೋಡೆಯ ಕರೆಂಟಿಗಿಂತ ಎಷ್ಟೋ ಜೋರು. ಒದ್ದೆ ಕುಂಕುಮದ ಮೇಲೆ ಹಾದಿ ಮಾಡಿಕೊಂಡು, ಅದನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನ ಮೇಲೇ ಜಿಗಿದಾಡುತ್ತಿತ್ತು. ಬೇರೆ ವಾಲ್ವು ತುರುಕಿದಾಗಲೆಲ್ಲ ಅದರ ಕಾಲು ಉಜ್ಜಿ ಗೆರೆ ತುಂಡಾಗುತ್ತಿತ್ತು. ಮತ್ತೆ ಕಾದು ಕಾದು ಕೂಡಿಕೊಳ್ಳುತ್ತಿತ್ತು. ಅಷ್ಟೇ. ಜಟ್ಟೆಪ್ಪ ಬೆರಳಿಂದ ಉಜ್ಜಿದ. ತುದಿ ಕೆಂಪಾಯಿತು. ಲುಂಗಿಗೆ ಒರೆಸಿಕೊಂಡ, ಹೋಗಲಿಲ್ಲ.

ಸಾಕೆಟ್ಟುಗಳನ್ನು ಕಿತ್ತು ಹೊಸದು ಹಾಕಿದ. ಸೆಟ್ಟು ದೇವರಂತೆ ಸುಮ್ಮನಾಯಿತು. ಸಂಜೆ ಬಂದ ಆರೋಗ್ಯದಾಸ್ ನುಡಿಸಿ ನೋಡಿ ಕುಣಿದಾಡಿದ.

"ಈಗ ಸರಿ ಹೋಯ್ತು ನೋಡಿ! ಎಲ್ಲಾ ಆ ವಾಜಿದ್ ಭಾಯ್ ಮಾಲು ಮಾಡಿದ್ ಕಿತಾಪತಿ, ಅಲ್ವಾ ಅಣ್ಣ? ಎರಡನೇ ಸಲಾನೂ ಡೂಪ್ಲಿಕೇಟೇ ಕೊಟ್ಟಿದ್ನಾ?"

ಜಟ್ಟೆಪ್ಪ 'ಹೂಂ' ಅನ್ನಲಿಲ್ಲ, 'ಊಹೂಂ' ಅಂತಲೂ ಅನ್ನಲಿಲ್ಲ. ಸ್ಕ್ರೂ ಬಿಗಿಯುತ್ತ ಕೂತ. ಅವತ್ತು ಗಲ್ಲಿಯಲ್ಲಿ ಕೂಗಾಡಿದ್ದು ಸಿಟ್ಟಿನ ಪಾಪ, ಅದಕ್ಕೆ ಏನಾದರೂ ನೆಪವಿತ್ತು. ಈ ಸುಮ್ಮನೆ ಕೂತದ್ದಕ್ಕೆ ಯಾವ ನೆಪವೂ ಇರಲಿಲ್ಲ. ಆರೋಗ್ಯದಾಸ್ ಹೋದ ಮೇಲೆ ಯಂಕಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಮೂಲೆಯಲ್ಲಿ ಬಿದ್ದಿದ್ದ ಸುಟ್ಟ ಸಾಕೆಟ್ಟು ಎತ್ತಿ ನೋಡಿದಳು.

"ಇದು ನಾ ಕಲಸಿದ ಕುಂಕುಮ ಅಲ್ಲೇನ್ರೀ?"

ಅವನು ಸಾಕೆಟ್ಟನ್ನು ಅವಳ ಕೈಯಿಂದ ತೆಗೆದು ಜೇಬಿಗೆ ಹಾಕಿಕೊಂಡ.

ಅಲ್ಲಿಂದ ಮುಂದೆ ಅವನಿಗೆ ಬೈಯುವುದೇ ಮರೆತುಹೋಯಿತು. ಅಂಗಡಿ ಮುಂದೆ ಸ್ಕೂಟರ್ ನಿಂತರೂ ಸುಮ್ಮನಿದ್ದ. ಓಣಿಯವರು ಜಟ್ಟೆಪ್ಪನಿಗೆ ಕಾಮಾಲೆಯೇ ಎಂದು ಯಂಕಮ್ಮನನ್ನು ಕೇಳಿದರು. ಶಿವಾಜಿನಗರದ ಬಸ್ಸು ಹತ್ತಿ, ಗಲ್ಲಿಯ ಬಾಯಿಯವರೆಗೆ ಹೋಗಿ, ಬಾಳೆಹಣ್ಣು ಕೊಂಡು ವಾಪಸು ಬಂದ. ಇನ್ನೊಂದು ಸಲವೂ ಬಾಳೆಹಣ್ಣೇ ಬಂತು. "ಮನ್ಯಾಗ ಹಣ್ಣಿನ ಅಂಗಡಿ ಇಡೂನೇನು?" ಅಂದಳು ಯಂಕಮ್ಮ.

ಕೊನೆಗೊಂದು ದಿನ ಗಿರಾಕಿ ಇಲ್ಲದ ಹೊತ್ತು ನೋಡಿ ಅಂಗಡಿ ಮೆಟ್ಟಿಲು ಹತ್ತಿದ. ವಾಜಿದ್ ಭಾಯ್ ಎದ್ದು ನಿಂತ.

"ಬನ್ನಿ. ಏನು ಬೇಕಾಗಿತ್ತು?"

ಬನ್ನಿ. 'ಆವೋ ಗಾಂವ್‌ವಾಲೆ' ಅಲ್ಲ. ಇಷ್ಟು ವರ್ಷದಲ್ಲಿ ಆ ಬಾಯಿಂದ ಅವನು ಕೇಳಿರದ ಮಾತು. ಜಟ್ಟೆಪ್ಪ ಜೇಬಿನಿಂದ ಸುಟ್ಟ ಸಾಕೆಟ್ಟು ತೆಗೆದು ಗಲ್ಲಾದ ಮೇಲಿಟ್ಟು, ಬಗ್ಗಿ, ಪಿಸುಗುಟ್ಟಿ ಎಲ್ಲ ಹೇಳಿದ. ವಾಜಿದ್ ಸಾಕೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಅವತ್ತು ಗಲ್ಲಿಗೆಲ್ಲ ಕೇಳ್ಸೋ ಹಂಗೆ ಹೇಳಿದ್ರಿ," ಅಂದ. "ಇವತ್ತು ಕಿವೀಲಿ ಹೇಳ್ತಿದೀರಿ."

ಜಟ್ಟೆಪ್ಪ ಗಲ್ಲಿಯ ಕಡೆ ತಿರುಗಿದ. ಬಾಯಿ ತೆರೆದ. ಹಾರ್ನಿಲ್ಲದೆ ಮಾರುಕಟ್ಟೆಗೆಲ್ಲ ಕೇಳಿಸುವ ಗಂಟಲು ಅದು. ಗಾಳಿಯೂ ಹೊರಡಲಿಲ್ಲ. ತಲೆ ತಗ್ಗಿಸಿ ಮೆಟ್ಟಿಲಿಳಿದ. ಮನೆಗೆ ಬಂದು ಹೇಳಿದಾಗ ಯಂಕಮ್ಮ ಕೈ ಒರೆಸಿಕೊಳ್ಳುತ್ತ, "ಬೈಲಾಕ ಬಾಯಿ ಇತ್ತು, ತಪ್ಪಾಯ್ತು ಅನ್ಲಾಕ ಇಲ್ಲೇನು? ಅವನ ಅನ್ನದ ಮಾತು ರೀ ಅದು," ಅಂದಳು. ಮಧ್ಯಾಹ್ನ ಅವನು ಉಣ್ಣಲಿಲ್ಲ.

ಮುಂದಿನ ಶುಕ್ರವಾರ ಆರೋಗ್ಯದಾಸನನ್ನೂ ಸೆಟ್ಟನ್ನೂ ಆಟೋದಲ್ಲಿ ಕೂರಿಸಿಕೊಂಡು ಹೋದ. ನಮಾಜು ಬಿಟ್ಟಿತ್ತು. ಸೆಟ್ಟನ್ನು ವಾಜಿದ್ ಅಂಗಡಿ ಮೆಟ್ಟಿಲ ಮೇಲಿಳಿಸಿ, ಅಂಗಡಿಯಿಂದಲೇ ಕರೆಂಟು ಕೇಳಿ ಸಿಕ್ಕಿಸಿದ. ಜನ ಕೂಡಿದರು.

"ಕೇಳ್ರಪ್ಪಾ!" ಅಂದ. "ಅವತ್ತು ಇಲ್ಲೇ ನಿಂತು ವಾಜಿದ್ ಭಾಯ್ ಡೂಪ್ಲಿಕೇಟ್ ಕೊಟ್ರು ಅಂದೆ. ಸುಳ್ಳು. ಅವರ ಮಾಲು ಅಪರಂಜಿ. ಸಾಕೆಟ್ಟಿಗೆ ಕುಂಕುಮ ಮೆತ್ತಿ ಸುಟ್ಟವನು ನಾನು. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ. ಅದೂ ನಾನೇ."

ಆರೋಗ್ಯದಾಸ್ ಬಾಯಿ ಬಿಟ್ಟುಕೊಂಡು ನಿಂತ. ಹಿಂದಿನಿಂದ ಯಾರೋ, "ಏನಣ್ಣ, ಆಂಪ್ಲಿಫೈಯರ್‌ಗೆ ಅರಿಶಿನ ಶಾಸ್ತ್ರ ಮಾಡಿದ್ಯಾ? ಗಂಡು ಯಾರು?" ಅಂದ. ಗಲ್ಲಿ ಗೊಳ್ಳೆಂದಿತು. ಜಟ್ಟೆಪ್ಪನ ಕಿವಿ ಕೆಂಪಾದವು, ಆದರೆ ನಾಲಿಗೆ ಎದ್ದೇಳಲಿಲ್ಲ. ಆರೋಗ್ಯದಾಸನಿಗೆ ಸನ್ನೆ ಮಾಡಿದ. ಅವನು ಗಿಟಾರಿನ ದಪ್ಪ ತಂತಿ ಮೀಟಿದ. ಪಕ್ಕದ ಚಹಾದಂಗಡಿಯ ಗಾಜಿನ ಲೋಟಗಳು ನಡುಗಿದವು. ಒಂದು ಚಟ್ ಇಲ್ಲ, ಒಂದು ಪಟ್ ಇಲ್ಲ.

ನಗು ನಿಂತಿತು. ವಾಜಿದ್ ಭಾಯ್ ಕಣ್ಣು ಮುಚ್ಚಿ ಕೇಳುತ್ತಿದ್ದ.

"ಆ ಮೊದಲ ನಾಲ್ಕು ವಾಲ್ವು ಕೊಡ್ರಿ, ವಾಜಿದ್ ಭಾಯ್," ಅಂದ ಜಟ್ಟೆಪ್ಪ. "ಜೋಡಿ ಹಕ್ಕಿ ಅಂದಿದ್ರಲ್ಲ. ಅವನ್ನೇ ಹಾಕ್ತೀನಿ ಇದಕ್ಕೆ."

ವಾಜಿದ್ ಅಟ್ಟದ ಕಡೆ ನೋಡಿದ. ಅಲ್ಲಿ ರಟ್ಟಿನ ಪೆಟ್ಟಿಗೆ ಇರಲಿಲ್ಲ.

"ಯಾರೂ ಮುಟ್ತಿರ್ಲಿಲ್ಲ. ಪೂರ್ತಿ ಪೆಟ್ಟಿಗೆ ಗಾಜಿನ ಗುಜರಿಯವನಿಗೆ ತೂಕಕ್ಕೆ ಹಾಕ್ಬಿಟ್ಟೆ. ಹೋದ ವಾರ."

ಆಮೇಲೆ ಗಿರಾಕಿಗಳು ವಾಜಿದ್ ಅಂಗಡಿಗೆ ತಿರುಗಿ ಬಂದರು. ಕುಂಕುಮದ ಕತೆ ಡೂಪ್ಲಿಕೇಟಿನ ಕತೆಗಿಂತ ರುಚಿಯಾಗಿತ್ತು, ಹಾಗಾಗಿ ಅದೂ ಕೃಷ್ಣರಾಜಪುರದವರೆಗೆ ಹೋಯಿತು. ಜಟ್ಟೆಪ್ಪ ಅದನ್ನು ಯಾರು ಹೇಳಿದರೂ ತಡೆಯಲಿಲ್ಲ. ಹೊಸ ಸೆಟ್ಟುಗಳಿಗೆ ಕುಂಕುಮ ಇಡುವುದನ್ನೂ ಬಿಡಲಿಲ್ಲ, ಆದರೆ ಮರದ ಪೆಟ್ಟಿಗೆಯ ಹೊರಗೆ, ಒಣಗಿಸಿ. ಸಾಮಾನಿಗೆ ವಾಜಿದ್ ಹತ್ತಿರವೇ ಹೋದ, ವರ್ಷಗಳು ಕಳೆದು ಗಲ್ಲಿಯ ಅರ್ಧ ಅಂಗಡಿಗಳು ಮೊಬೈಲ್ ಅಂಗಡಿಗಳಾದರೂ.

ವಾಜಿದ್ ಭಾಯ್ ಚಹಾ ತರಿಸುತ್ತಾನೆ, ಯಂಕಮ್ಮನ ಆರೋಗ್ಯ ಕೇಳುತ್ತಾನೆ. ಆದರೆ ಸಾಮಾನು ಕಾಗದದಲ್ಲಿ ಸುತ್ತುವ ಮೊದಲು ಆ ಹಳೇ ಟೆಸ್ಟರನ್ನು ಜಟ್ಟೆಪ್ಪನ ಕಡೆ ತಿರುಗಿಸುತ್ತಾನೆ.

"ಬ್ಯಾಡ ಬಿಡ್ರಿ, ವಾಜಿದ್ ಭಾಯ್."

"ಇಲ್ಲ ಇಲ್ಲ. ನೋಡಿ ತಗೊಳ್ಳಿ."

ಜಟ್ಟೆಪ್ಪ ಬಗ್ಗಿ ನೋಡುತ್ತಾನೆ. ಮುಳ್ಳು ಮೆಲ್ಲಗೆ ಏರಿ ಹಸಿರು ಗೆರೆಯ ಮೇಲೆ ನಿಲ್ಲುತ್ತದೆ. "ಚೆನ್ನಾಗಿದೆ," ಎಂದು ಅವನು ಬಾಯಿಬಿಟ್ಟು ಹೇಳುವವರೆಗೆ ವಾಜಿದ್ ಭಾಯ್ ಕಾಗದ ಕೈಗೆತ್ತಿಕೊಳ್ಳುವುದಿಲ್ಲ.